ಹರ್ಪಿಸ್ ರಕ್ತ ಪರೀಕ್ಷೆ: ಮಾಡಬೇಕಾದ್ದು, ಮಾಡಬಾರದ್ದು

ಜನನಾಂಗದ ಹರ್ಪಿಸ್ ಇದೆಯೇ ಎಂದು ತಿಳಿಯಲು ರಕ್ತ ಕೊಡಬೇಕೆಂದಿರುವವರಿಗೆ, ಕೊಟ್ಟು ‘ಪಾಸಿಟಿವ್’ ಎಂಬ ರಿಪೋರ್ಟ್ ಹಿಡಿದು ನಿದ್ದೆಗೆಟ್ಟವರಿಗೆ, ‘ನೆಗೆಟಿವ್’ ಎಂದು ನಿಶ್ಚಿಂತರಾದವರಿಗೆ ಈ ಸೂಚನೆ. ಪರೀಕ್ಷೆ ಬರೆದುಕೊಡುವ ವೈದ್ಯರಿಗೂ ಲ್ಯಾಬಿನವರಿಗೂ ಕೊನೆಯಲ್ಲಿ ಪ್ರತ್ಯೇಕ ಭಾಗವಿದೆ.

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ಪಾಲಿಸಿ. ಹುಣ್ಣಿದ್ದರೆ ಹುಣ್ಣನ್ನೇ ಪರೀಕ್ಷೆ ಮಾಡಿಸಿ. ಹುಣ್ಣೂ ಇಲ್ಲ, ಬೇರೆ ಕಾರಣವೂ ಇಲ್ಲ ಎಂದಾದರೆ ರಕ್ತ ಕೊಡಬೇಡಿ. ಕೊಟ್ಟು ಪಾಸಿಟಿವ್ ಬಂದಿದ್ದರೆ, ಅದು ಖಚಿತವಾಗುವ ತನಕ ಯಾವ ತೀರ್ಮಾನಕ್ಕೂ ಬರಬೇಡಿ.

ಮೊದಲು ತಿಳಿದಿರಬೇಕಾದ್ದು

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನಲ್ಲಿ ಎರಡು ಬಗೆ. ಎಚ್‌ಎಸ್‌ವಿ-1 ಹೆಚ್ಚಾಗಿ ಬಾಯಿ, ತುಟಿಯ ಸುತ್ತ ಗುಳ್ಳೆ ಎಬ್ಬಿಸುತ್ತದೆ. ಬಹಳ ಮಂದಿಗೆ ಚಿಕ್ಕ ವಯಸ್ಸಿನಲ್ಲೇ ಅಂಟಿರುತ್ತದೆ. ಎಚ್‌ಎಸ್‌ವಿ-2 ಹೆಚ್ಚಾಗಿ ಜನನಾಂಗಕ್ಕೆ ಸಂಬಂಧಿಸಿದ್ದು, ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಆದರೆ ಎಚ್‌ಎಸ್‌ವಿ-1 ಕೂಡ ಜನನಾಂಗದಲ್ಲಿ ಹುಣ್ಣು ತರಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಜಗತ್ತಿನಲ್ಲಿ 50 ವರ್ಷದೊಳಗಿನವರಲ್ಲಿ ಸುಮಾರು ಶೇ. 64 ಮಂದಿಗೆ ಎಚ್‌ಎಸ್‌ವಿ-1 ಇದೆ. 15ರಿಂದ 49 ವರ್ಷದವರಲ್ಲಿ ಸುಮಾರು ಶೇ. 13 ಮಂದಿಗೆ ಎಚ್‌ಎಸ್‌ವಿ-2 ಇದೆ. ಇವರಲ್ಲಿ ಹೆಚ್ಚಿನವರಿಗೆ ತಮಗೆ ಸೋಂಕಿದೆ ಎಂಬುದೇ ಗೊತ್ತಿಲ್ಲ.

ರಕ್ತ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ವೈರಸ್‌ಗೆ ಎದುರಾಗಿ ದೇಹ ತಯಾರಿಸಿದ ಪ್ರತಿಕಾಯವನ್ನು. ಎರಡೂ ಬಗೆಯ ವೈರಸ್ಸಿನ ಬಹುಪಾಲು ಪ್ರೋಟೀನ್‌ಗಳು ಒಂದನ್ನೊಂದು ಹೋಲುತ್ತವೆ. ಸ್ಪಷ್ಟವಾಗಿ ಬೇರೆಯಾಗಿರುವುದು ಗ್ಲೈಕೊಪ್ರೋಟೀನ್-ಜಿ ಎಂಬುದು. ಇದನ್ನು ಆಧರಿಸಿದ, ಐಜಿಜಿ ಎಂಬ ಪ್ರತಿಕಾಯದ ಪರೀಕ್ಷೆ ಮಾತ್ರ 1 ಯಾವುದು, 2 ಯಾವುದು ಎಂದು ಬಿಡಿಸಿ ಹೇಳಬಲ್ಲದು. ಎಲ್ಲ ಪ್ರೋಟೀನ್‌ಗಳನ್ನೂ ಒಟ್ಟಿಗೆ ಬಳಸುವ ಕಿಟ್‌ಗೆ ತುಟಿಯ ಗುಳ್ಳೆಯ ಪ್ರತಿಕಾಯವೂ ಒಂದೇ, ಜನನಾಂಗದ್ದೂ ಒಂದೇ.

ರಕ್ತ ಕೊಡುವ ಮುಂಚೆ

ಮಾಡಬೇಕಾದ್ದು

1. ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದನ್ನು ವೈದ್ಯರೊಂದಿಗೆ ಕೂತು ತೀರ್ಮಾನಿಸಿ. ರಕ್ತ ಪರೀಕ್ಷೆಯಿಂದ ಪ್ರಯೋಜನವಾಗುವ ಸಂದರ್ಭಗಳು ಬೆರಳೆಣಿಕೆಯಷ್ಟು: ಹುಣ್ಣು ಮತ್ತೆ ಮತ್ತೆ ಬರುತ್ತಿದ್ದರೂ ಸ್ವ್ಯಾಬ್‌ನಲ್ಲಿ ಏನೂ ಸಿಗದಿದ್ದಾಗ, ವೈದ್ಯರು ಬರಿಗಣ್ಣಿನಲ್ಲಿ ನೋಡಿ ಹರ್ಪಿಸ್ ಎಂದಿದ್ದು, ಲ್ಯಾಬಿನ ಆಧಾರ ಇಲ್ಲದಿದ್ದಾಗ, ಗಂಡ ಅಥವಾ ಹೆಂಡತಿಗೆ, ಸಂಗಾತಿಗೆ ಜನನಾಂಗದ ಹರ್ಪಿಸ್ ಖಚಿತವಾಗಿದ್ದು, ನಿಮಗೂ ಇದೆಯೇ ಎಂದು ತಿಳಿಯಬೇಕಾದಾಗ.

2. ಚೀಟಿಯಲ್ಲಿ ‘ಎಚ್‌ಎಸ್‌ವಿ-2 ಟೈಪ್ ಸ್ಪೆಸಿಫಿಕ್ ಐಜಿಜಿ’ ಎಂದೇ ಬರೆಸಿಕೊಳ್ಳಿ. ಬರೀ ‘ಹರ್ಪಿಸ್ ಟೆಸ್ಟ್’ ಎಂದಿದ್ದರೆ ಲ್ಯಾಬಿನವರು ತಮ್ಮಲ್ಲಿರುವ ಯಾವುದೋ ಒಂದನ್ನು ಮಾಡಿ ಕೊಡುತ್ತಾರೆ.

3. ದಿನ ಲೆಕ್ಕ ಹಾಕಿ. ಸೋಂಕು ತಗುಲಿದ ಮೇಲೆ ಪತ್ತೆಯಾಗುವಷ್ಟು ಪ್ರತಿಕಾಯ ಮೂಡಲು ಕೆಲವರಿಗೆ ಎರಡು ಮೂರು ವಾರ ಸಾಕು, ಕೆಲವರಿಗೆ 12 ವಾರ ಬೇಕು. ಹೋದ ವಾರದ ಸಂಪರ್ಕದ ಬಗ್ಗೆ ಈ ವಾರದ ರಕ್ತ ಏನನ್ನೂ ಹೇಳುವುದಿಲ್ಲ.

4. ಲೈಂಗಿಕ ಸೋಂಕಿನ ಭಯವಿದ್ದರೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಯನ್ನು ಮೊದಲು ಮಾಡಿಸಿ. ಇವೆರಡರ ರಕ್ತ ಪರೀಕ್ಷೆ ಭರವಸೆಯದು, ಪಾಸಿಟಿವ್ ಬಂದರೆ ಖಚಿತಪಡಿಸುವ ದಾರಿ ಸಿದ್ಧವಿದೆ, ತಡವಾದರೆ ನಷ್ಟವೂ ದೊಡ್ಡದು. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆಗೆ ಕಾಸಿಲ್ಲ.

ಮಾಡಬಾರದ್ದು

5. ‘ಇರಲಿ, ಒಮ್ಮೆ ನೋಡಿಬಿಡೋಣ’ ಎಂದು ಫುಲ್ ಬಾಡಿ ಚೆಕಪ್ಪಿಗೋ ಮದುವೆಗೆ ಮುಂಚಿನ ಪ್ಯಾಕೇಜಿಗೋ ಇದನ್ನು ಸೇರಿಸಬೇಡಿ. ಲಕ್ಷಣವಿಲ್ಲದವರನ್ನು ಹೀಗೆ ತಪಾಸಣೆ ಮಾಡಬಾರದೆಂದು ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2016ರಲ್ಲಿ ಹೇಳಿತು, 2023ರಲ್ಲಿ ಮತ್ತೆ ಅದನ್ನೇ ಹೇಳಿತು. ಕಾರಣ ಸರಳ ಲೆಕ್ಕದಲ್ಲಿದೆ. ಸಾವಿರ ಮಂದಿಯಲ್ಲಿ 40 ಜನಕ್ಕೆ ಎಚ್‌ಎಸ್‌ವಿ-2 ಇದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಎರಡೂ ಕಡೆ ಶೇ. 95 ಸರಿ ಎಂದೂ ಇಟ್ಟುಕೊಳ್ಳಿ. ಸೋಂಕಿರುವ 40ರಲ್ಲಿ 38 ಸಿಗುತ್ತವೆ. ಸೋಂಕಿಲ್ಲದ 960 ಮಂದಿಯಲ್ಲಿ ಶೇ. 5, ಅಂದರೆ 48 ಜನಕ್ಕೆ ಸುಮ್ಮನೆ ‘ಪಾಸಿಟಿವ್’ ಬರುತ್ತದೆ. ಒಟ್ಟು 86 ಪಾಸಿಟಿವ್. ಅರ್ಧಕ್ಕಿಂತ ಹೆಚ್ಚು ಸುಳ್ಳು. ಸೋಂಕು ಕಡಿಮೆ ಇರುವ ಗುಂಪಿನಲ್ಲಿ ಪರೀಕ್ಷೆ ಮಾಡಿದಷ್ಟೂ ಈ ಸುಳ್ಳಿನ ಪಾಲು ಏರುತ್ತದೆ.

6. ಐಜಿಎಂ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಪರೀಕ್ಷೆ ಮಾಡಿಸಲೇಬೇಡಿ. ‘ಐಜಿಎಂ ಅಂದರೆ ಹೊಸ ಸೋಂಕು’ ಎಂಬ ಲೆಕ್ಕ ಹರ್ಪಿಸ್‌ನಲ್ಲಿ ನಡೆಯುವುದಿಲ್ಲ. ಹಳೆಯ ಸೋಂಕು ಮರುಕಳಿಸಿದಾಗಲೂ ಐಜಿಎಂ ಏಳಬಹುದು. ಅದು 1 ಮತ್ತು 2ನ್ನು ಬೇರ್ಪಡಿಸಲಾರದು. ಇದರಿಂದ ಯಾವ ಚಿಕಿತ್ಸೆಯ ತೀರ್ಮಾನವೂ ಬದಲಾಗುವುದಿಲ್ಲ.

7. ಸರ್ಪಸುತ್ತಿಗೆ ಈ ಪರೀಕ್ಷೆ ಮಾಡಿಸಬೇಡಿ. ಸೊಂಟ, ಎದೆಯ ಒಂದೇ ಬದಿಗೆ ಪಟ್ಟಿಯಂತೆ ಏಳುವ ಆ ಗುಳ್ಳೆಗಳನ್ನು ವೈದ್ಯರು ‘ಹರ್ಪಿಸ್ ಜೋಸ್ಟರ್’ ಎಂದು ಬರೆಯುತ್ತಾರೆ. ಅದು ಸೀತಾಳೆ ಸಿಡುಬಿನ ವೈರಸ್, ಲೈಂಗಿಕ ರೋಗವಲ್ಲ.

ಗುಳ್ಳೆ, ಹುಣ್ಣು ಇದ್ದಾಗ

ಮಾಡಬೇಕಾದ್ದು

8. ಗುಳ್ಳೆ ಎದ್ದ ಒಂದೆರಡು ದಿನದೊಳಗೆ ಚರ್ಮ ಮತ್ತು ಲೈಂಗಿಕ ರೋಗ ತಜ್ಞರನ್ನು ಕಾಣಿ. ಆ ಹೊತ್ತಿಗೆ ಗುಳ್ಳೆಯೊಳಗೆ ವೈರಸ್ ಧಾರಾಳವಾಗಿರುತ್ತದೆ. ಹೆಕ್ಕಳೆ ಕಟ್ಟಿದ ಮೇಲೆ ಹೋದರೆ ಇದ್ದದ್ದೂ ಸಿಗದೇ ಹೋಗಬಹುದು.

9. ಸ್ವ್ಯಾಬ್ ತೆಗೆದು ಪಿಸಿಆರ್ ಮಾಡಿಸಿ ಎಂದು ಕೇಳಿ. ತೆಗೆಯುವ ಕ್ರಮ ಹೀಗಿದೆ: ಗುಳ್ಳೆಯನ್ನು ಸೂಜಿಯಿಂದ ಒಡೆದು, ಒಳಗಿನ ನೀರನ್ನೂ ಹುಣ್ಣಿನ ತಳವನ್ನೂ ಕಡ್ಡಿಯಿಂದ ಚೆನ್ನಾಗಿ ಉಜ್ಜಬೇಕು. ಒಂದು ಕ್ಷಣ ಉರಿಯುತ್ತದೆ. ಮೇಲೆ ಮೇಲೆ ಸವರಿದರೆ ಉರಿಯುವುದಿಲ್ಲ, ವೈರಸ್ಸೂ ಸಿಗುವುದಿಲ್ಲ. ಆ ಕಡ್ಡಿ ಕೋವಿಡ್ ಕಾಲದಲ್ಲಿ ಮೂಗಿಗೆ ಹಾಕಿದಂಥದ್ದೇ, ಸಿಂಥೆಟಿಕ್ ತುದಿಯದು. ಅದನ್ನು ವೈರಸ್ ಸಾಗಿಸುವ ದ್ರವದ ಟ್ಯೂಬಿಗೆ ಹಾಕಿ, ತಂಪಿನಲ್ಲಿಟ್ಟು ಲ್ಯಾಬಿಗೆ ಕಳಿಸುತ್ತಾರೆ. ಸೋಂಕು 1ರದೋ 2ರದೋ ಎಂಬುದೂ ಈ ಪರೀಕ್ಷೆಯಿಂದಲೇ ಗೊತ್ತಾಗುತ್ತದೆ. ಮುಂದೆ ಎಷ್ಟು ಸಲ ಮರುಕಳಿಸಬಹುದು ಎಂದು ಅಂದಾಜು ಮಾಡಲು ಅದು ಬೇಕು, ಏಕೆಂದರೆ ಜನನಾಂಗದಲ್ಲಿ ಎಚ್‌ಎಸ್‌ವಿ-1 ಮರುಕಳಿಸುವುದು 2ಕ್ಕಿಂತ ಕಡಿಮೆ.

10. ಸ್ವ್ಯಾಬ್ ತೆಗೆದ ಕೂಡಲೇ, ವೈದ್ಯರು ಹೇಳಿದರೆ, ಮಾತ್ರೆ ಶುರು ಮಾಡಿ. ರಿಪೋರ್ಟಿಗಾಗಿ ಕಾಯುತ್ತ ಕೂರಬೇಡಿ. ಪಿಸಿಆರ್ ಸೌಲಭ್ಯವಿಲ್ಲದ ಊರಿನಲ್ಲಿ ಲಕ್ಷಣ ನೋಡಿಯೇ ಚಿಕಿತ್ಸೆ ಕೊಡುವ ಪದ್ಧತಿ ಇದೆ, ಅದು ತಪ್ಪಲ್ಲ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಬಣ್ಣ ಬಣ್ಣದ ಔಷಧ ಕಿಟ್‌ಗಳಿರುತ್ತವೆ; ಹರ್ಪಿಸ್ ಹುಣ್ಣಿಗೆಂದು ಇರುವುದು ಕೆಂಪು ಬಣ್ಣದ ಐದನೇ ನಂಬರಿನ ಕಿಟ್.

11. ಜನನಾಂಗದಲ್ಲಿ ಯಾವುದೇ ಹುಣ್ಣಿದ್ದರೂ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಕಡ್ಡಾಯ ಎಂದೇ ತಿಳಿಯಿರಿ. ಎಚ್‌ಎಸ್‌ವಿ-2 ಇರುವವರಿಗೆ ಎಚ್‌ಐವಿ ತಗುಲುವ ಅಪಾಯ ಎರಡು ಮೂರು ಪಟ್ಟು ಹೆಚ್ಚು.

ಮಾಡಬಾರದ್ದು

12. ವೈದ್ಯರಿಗೆ ತೋರಿಸುವ ಮುಂಚೆ ಅರಿಶಿನ, ಸುಣ್ಣ, ನಂಜುನಿವಾರಕ ದ್ರಾವಣ ಏನನ್ನೂ ಹಚ್ಚಬೇಡಿ. ಮೆಡಿಕಲ್ ಶಾಪಿನವರು ಕೊಡುವ, ಸ್ಟಿರಾಯ್ಡ್ ಬೆರೆತ ತುರಿಕೆಯ ಮುಲಾಮನ್ನಂತೂ ಮುಟ್ಟಬೇಡಿ.

13. ಹುಣ್ಣು ಕಣ್ಣೆದುರಿಗಿರುವಾಗ ಅದನ್ನು ಬಿಟ್ಟು ತೋಳಿನ ರಕ್ತ ಕೊಟ್ಟು ಬರಬೇಡಿ. ಮೊದಲ ಸಲದ ಹುಣ್ಣಿನಲ್ಲಿ ಪ್ರತಿಕಾಯ ಇನ್ನೂ ಮೂಡಿರದೇ ಇರಬಹುದು. ಆಗ ರಕ್ತ ‘ನೆಗೆಟಿವ್’ ಎನ್ನುತ್ತದೆ, ಹುಣ್ಣು ಹರ್ಪಿಸ್ಸಿನದೇ ಆಗಿರುತ್ತದೆ.

14. ವಾಸಿಯಾಗುತ್ತಿರುವ ಹುಣ್ಣಿನ ಸ್ವ್ಯಾಬ್ ನೆಗೆಟಿವ್ ಬಂದರೆ ‘ಇಲ್ಲ’ ಎಂದು ಬರೆದಿಟ್ಟುಕೊಳ್ಳಬೇಡಿ. ಮತ್ತೆ ಗುಳ್ಳೆ ಎದ್ದರೆ ಅವತ್ತೇ ಹೋಗಿ ತೆಗೆಸಿ. ಗುಳ್ಳೆಯೇ ಇಲ್ಲದ ಚರ್ಮವನ್ನು ಉಜ್ಜಿಸಿಕೊಂಡು ಬರುವುದು ಹಣ ದಂಡ. ವೈರಸ್ ಚರ್ಮದ ಮೇಲೆ ಬಂದು ಹೋಗುತ್ತಿರುತ್ತದೆ, ಆ ಗಳಿಗೆಯಲ್ಲಿ ಇಲ್ಲದಿದ್ದರೆ ಸೋಂಕೇ ಇಲ್ಲವೆಂದಲ್ಲ.

ರಿಪೋರ್ಟ್ ಕೈಗೆ ಬಂದಾಗ

ಒಂದು ಮಾದರಿ ರಿಪೋರ್ಟ್ ನೋಡಿ: ‘ಎಚ್‌ಎಸ್‌ವಿ 1 ಮತ್ತು 2, ಐಜಿಎಂ: 1.24, ಪಾಸಿಟಿವ್.’ ಪಕ್ಕದಲ್ಲಿ ಸಣ್ಣಕ್ಷರದಲ್ಲಿ: ‘0.9ಕ್ಕಿಂತ ಕಡಿಮೆ ನೆಗೆಟಿವ್, 0.9ರಿಂದ 1.1 ಅನಿಶ್ಚಿತ, 1.1ಕ್ಕಿಂತ ಹೆಚ್ಚು ಪಾಸಿಟಿವ್.’ ಓದುವವರ ಕಣ್ಣು ದಪ್ಪಕ್ಷರದ ‘ಪಾಸಿಟಿವ್’ ಮೇಲೆ ನಿಲ್ಲುತ್ತದೆ. ನಿಲ್ಲಬೇಕಾದ್ದು ಬೇರೆ ಮೂರು ಕಡೆ. ‘1 ಮತ್ತು 2’ ಎಂದು ಒಟ್ಟಿಗೆ ಬರೆದಿದೆ, ಆದ್ದರಿಂದ ಇದು ಬಾಲ್ಯದ ತುಟಿಗುಳ್ಳೆಯೂ ಆಗಿರಬಹುದು. ‘ಐಜಿಎಂ’ ಎಂದಿದೆ, ಆದ್ದರಿಂದ ಮಾಡಿಸಲೇಬಾರದಿದ್ದ ಪರೀಕ್ಷೆ. ‘1.24’ ಎಂದಿದೆ, ಗೆರೆಯಿಂದ ಒಂದಿಂಚು ಆಚೆ. ಈ ರಿಪೋರ್ಟಿನಿಂದ ಜನನಾಂಗದ ಹರ್ಪಿಸ್ ಇದೆ ಎಂದೂ ಇಲ್ಲ ಎಂದೂ ಹೇಳಲಾಗದು.

ಮಾಡಬೇಕಾದ್ದು

15. ಸಂಖ್ಯೆ ನೋಡಿ. ಪಾಸಿಟಿವ್, ನೆಗೆಟಿವ್ ಎಂಬ ಪದವಷ್ಟೇ ಇದ್ದರೆ ಸಂಖ್ಯೆಯನ್ನೂ ಕಿಟ್‌ನ ಹೆಸರನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ.

16. ಎಚ್‌ಎಸ್‌ವಿ-2 ಐಜಿಜಿಯ ಸೂಚ್ಯಂಕ 1.1ರಿಂದ 3ರ ನಡುವೆ ಇದ್ದರೆ ಅದನ್ನು ಅನುಮಾನದ ಪಾಸಿಟಿವ್ ಎಂದೇ ಪರಿಗಣಿಸಿ. ಅಮೆರಿಕದಲ್ಲಿ ಬಹಳ ಬಳಕೆಯಲ್ಲಿದ್ದ ಹರ್ಪಿಸೆಲೆಕ್ಟ್ ಕಿಟ್‌ನ ಫಲಿತಾಂಶಗಳನ್ನು ವೆಸ್ಟರ್ನ್ ಬ್ಲಾಟ್ ಎಂಬ ಖಚಿತಪಡಿಸುವ ಪರೀಕ್ಷೆಯ ಜೊತೆ ಹೋಲಿಸಿದ ಒಂದು ಅಧ್ಯಯನದಲ್ಲಿ, ಸೂಚ್ಯಂಕ 1.1ರಿಂದ 2.9 ಇದ್ದಾಗ ಪರೀಕ್ಷೆಯ ನಿರ್ದಿಷ್ಟತೆ (ಸೋಂಕಿಲ್ಲದವರನ್ನು ಇಲ್ಲವೆಂದು ಸರಿಯಾಗಿ ಗುರುತಿಸುವ ಪ್ರಮಾಣ) ಶೇ. 39.8ಕ್ಕೆ ಇಳಿದಿತ್ತು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ 2021ರ ಮಾರ್ಗಸೂಚಿಯಲ್ಲಿ ಇದನ್ನೇ ಎತ್ತಿ ಹೇಳಿ, ಎರಡನೇ ಬೇರೆ ವಿಧಾನದಿಂದ ಖಚಿತಪಡಿಸಬೇಕು ಎಂದಿದೆ. ಎಚ್‌ಎಸ್‌ವಿ-2 ರಕ್ತ ಪರೀಕ್ಷೆಗಳಲ್ಲಿ ಸುಳ್ಳು ಪಾಸಿಟಿವ್ ಬರುವ ಬಗ್ಗೆ ಅಮೆರಿಕದ ಎಫ್‌ಡಿಎ 2023ರಲ್ಲಿ ಲ್ಯಾಬುಗಳಿಗೂ ವೈದ್ಯರಿಗೂ ಪತ್ರ ಬರೆದು ಎಚ್ಚರಿಸಿತು.

17. ಖಚಿತಪಡಿಸುವುದೆಂದರೆ ಬೇರೆ ವಿಧಾನದ ಪರೀಕ್ಷೆ. ಉತ್ತಮವೆಂದು ಒಪ್ಪಿಕೊಂಡಿರುವುದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮಾಡುವ ವೆಸ್ಟರ್ನ್ ಬ್ಲಾಟ್. ಅಮೆರಿಕದಲ್ಲಿರುವ ಕನ್ನಡಿಗರು ತಮ್ಮ ವೈದ್ಯರ ಮೂಲಕ ಇದನ್ನು ಕೇಳಬಹುದು. ನಮ್ಮೂರ ಲ್ಯಾಬಿನ ದರಪಟ್ಟಿಯಲ್ಲಿ ಇದನ್ನು ಹುಡುಕಿ ಸಮಯ ಕಳೆಯಬೇಡಿ. 12 ವಾರದ ನಂತರ ಬೇರೆ ಕಂಪನಿಯ ಟೈಪ್ ಸ್ಪೆಸಿಫಿಕ್ ಕಿಟ್‌ನಲ್ಲಿ ಮತ್ತೊಮ್ಮೆ ಮಾಡಿಸಿ, ಮತ್ತು ಗುಳ್ಳೆ ಎದ್ದರೆ ಸ್ವ್ಯಾಬ್ ಕೊಡಿ.

18. ಇತ್ತೀಚಿನ ಸಂಪರ್ಕದ ಭಯವಿದ್ದು ನೆಗೆಟಿವ್ ಬಂದಿದ್ದರೆ 12 ವಾರ ಕಳೆದ ಮೇಲೆ ಮತ್ತೆ ಮಾಡಿಸಿ. ಆ ತನಕ ಕಾಂಡೋಮ್ ಬಳಸಿ.

ಮಾಡಬಾರದ್ದು

19. ಎಚ್‌ಎಸ್‌ವಿ-1 ಪಾಸಿಟಿವ್ ಬಂದರೆ ಅದು ಜನನಾಂಗದ್ದೆಂದು ಭಾವಿಸಬೇಡಿ. ಸೋಂಕು ದೇಹದ ಯಾವ ಜಾಗದಲ್ಲಿದೆ ಎಂದು ರಕ್ತ ಹೇಳುವುದಿಲ್ಲ. ಎಚ್‌ಎಸ್‌ವಿ-1 ನೆಗೆಟಿವ್ ಬಂದರೂ ಪೂರ್ತಿ ನಂಬಬೇಡಿ: ಮೇಲೆ ಹೇಳಿದ ಹರ್ಪಿಸೆಲೆಕ್ಟ್ ಕಿಟ್ ಎಚ್‌ಎಸ್‌ವಿ-1 ಇರುವ ನೂರರಲ್ಲಿ ಸುಮಾರು 70 ಮಂದಿಯನ್ನಷ್ಟೇ ಹಿಡಿಯುತ್ತದೆ.

20. ಒಂದು ಲ್ಯಾಬಿನ 2.1ನ್ನು ಇನ್ನೊಂದು ಲ್ಯಾಬಿನ 14ರ ಜೊತೆ ಹೋಲಿಸಬೇಡಿ. ಪ್ರತಿ ಕಿಟ್‌ನ ಅಳತೆಗೋಲು ಬೇರೆ.

21. ಸೋಂಕು ಖಚಿತವಾದ ಮೇಲೆ ‘ಕಡಿಮೆಯಾಯಿತೇ’ ಎಂದು ಐಜಿಜಿಯನ್ನು ಪದೇ ಪದೇ ಮಾಡಿಸಬೇಡಿ. ಅದು ಆಯುಷ್ಯಪೂರ್ತಿ ಇರುತ್ತದೆ. ಸಂಖ್ಯೆ ಏರಿದರೆ ರೋಗ ಹೆಚ್ಚಾಯಿತೆಂದಲ್ಲ, ಇಳಿದರೆ ವಾಸಿಯಾಯಿತೆಂದೂ ಅಲ್ಲ. ‘ಮೂರು ತಿಂಗಳಲ್ಲಿ ರಿಪೋರ್ಟ್ ನೆಗೆಟಿವ್ ಮಾಡಿಕೊಡುತ್ತೇವೆ’ ಎನ್ನುವವರಿಗೆ ದುಡ್ಡು ಕೊಡಬೇಡಿ. ಲೈಂಗಿಕ ರೋಗಗಳಿಗೆ ಹೀಗೆ ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ.

ಬಸುರಿಯರು ಮತ್ತು ‘ಟಾರ್ಚ್’ ಪರೀಕ್ಷೆ

ನಮ್ಮಲ್ಲಿ ಹರ್ಪಿಸ್ ರಿಪೋರ್ಟ್ ಹೆಣ್ಣುಮಕ್ಕಳ ಕೈಗೆ ಬರುವುದು ಬಹಳ ಸಲ ಈ ದಾರಿಯಲ್ಲಿ. ಗರ್ಭ ನಿಲ್ಲಲಿಲ್ಲ ಎಂದಾಗ ‘ಟಾರ್ಚ್’ ಬರೆಯುತ್ತಾರೆ. ಟಾಕ್ಸೊಪ್ಲಾಸ್ಮಾ, ರುಬೆಲ್ಲಾ, ಸಿಎಂವಿ ಜೊತೆಗೆ ಹರ್ಪಿಸ್ಸೂ ಸೇರಿಕೊಂಡು ಬರುತ್ತದೆ. ಆಕೆ ಕೇಳಿರದ, ಬೇಕಾಗಿಯೂ ಇರದ ಒಂದು ‘ಪಾಸಿಟಿವ್’ ಅತ್ತೆಮನೆಯವರ ಕಣ್ಣಿಗೆ ಬೀಳುತ್ತದೆ.

ಮಾಡಬೇಕಾದ್ದು

22. ನಿಮಗಾಗಲಿ ನಿಮ್ಮ ಯಜಮಾನರಿಗಾಗಲಿ ಎಂದಾದರೂ ಜನನಾಂಗದಲ್ಲಿ ಗುಳ್ಳೆ ಎದ್ದಿದ್ದರೆ ಹೆರಿಗೆ ವೈದ್ಯರಿಗೆ ಮುಂಚೆಯೇ ಹೇಳಿ. ಹೆರಿಗೆ ಹತ್ತಿರವಿರುವಾಗ ಮೊದಲ ಸಲ ಸೋಂಕು ತಗುಲಿದರೆ ಮಗುವಿಗೆ ದಾಟುವ ಅಪಾಯ ಶೇ. 30ರಿಂದ 50, ಹಳೆಯ ಸೋಂಕಾಗಿದ್ದರೆ ಶೇ. 1ಕ್ಕಿಂತ ಕಡಿಮೆ. ಹಳೆಯದಿದ್ದವರಿಗೆ 36ನೇ ವಾರದಿಂದ ಮಾತ್ರೆ ಕೊಡುವ ಕ್ರಮವಿದೆ.

23. ಯಜಮಾನರಿಗೆ ಇದ್ದು ನಿಮಗಿಲ್ಲದಿದ್ದರೆ ಕೊನೆಯ ಮೂರು ತಿಂಗಳು ಸಂಪರ್ಕ ಬೇಡ. ಅವರಿಗೆ ತುಟಿಯ ಗುಳ್ಳೆ ಬರುವುದಿದ್ದರೆ ಬಾಯಿಯ ಸಂಪರ್ಕವೂ ಬೇಡ.

ಮಾಡಬಾರದ್ದು

24. ಮೇಲಿಂದ ಮೇಲೆ ಗರ್ಭಪಾತವಾಗುವುದಕ್ಕೆ ಕಾರಣ ಹುಡುಕಲು ಹರ್ಪಿಸ್ ರಕ್ತ ಪರೀಕ್ಷೆ ಮಾಡಿಸಬೇಡಿ. ಹರ್ಪಿಸ್ ಅದಕ್ಕೆ ಕಾರಣವಲ್ಲ. ಐಜಿಎಂ ಪಾಸಿಟಿವ್ ಎಂಬ ಒಂದೇ ಆಧಾರದ ಮೇಲೆ ಮಾತ್ರೆ ನುಂಗಬೇಡಿ, ಗರ್ಭ ತೆಗೆಸುವ ಮಾತಂತೂ ಬೇಡವೇ ಬೇಡ.

25. ರಕ್ತದ ರಿಪೋರ್ಟ್ ನೋಡಿ ಸಿಸೇರಿಯನ್ ನಿಶ್ಚಯಿಸಬೇಡಿ. ನಿರ್ಧಾರವಾಗಬೇಕಾದ್ದು ಹೆರಿಗೆ ನೋವು ಶುರುವಾದಾಗ ಹುಣ್ಣಿದೆಯೇ, ಹುಣ್ಣು ಬರುವ ಮುಂಚಿನ ಉರಿ, ಜುಮ್ಮೆನ್ನುವಿಕೆ ಇದೆಯೇ ಎಂಬುದರ ಮೇಲೆ.

26. ಹುಟ್ಟಿದ ಮಗುವಿನ ರಕ್ತದಲ್ಲಿ ಐಜಿಜಿ ಕಂಡರೆ ಗಾಬರಿಯಾಗಬೇಡಿ. ಅದು ತಾಯಿಯಿಂದ ಮಗುವಿಗೆ ಬಂದದ್ದು.

ಮನೆಯಲ್ಲಿ, ಸಂಬಂಧದಲ್ಲಿ

ಮಾಡಬೇಕಾದ್ದು

27. ಖಚಿತವಾದ ಮೇಲೆ ಸಂಗಾತಿಗೆ ನೀವೇ ಹೇಳಿ, ಸಾಧ್ಯವಾದರೆ ವೈದ್ಯರ ಎದುರಿಗೇ. ಹುಣ್ಣಿರುವ ದಿನಗಳಲ್ಲಿ ಸಂಪರ್ಕ ನಿಲ್ಲಿಸಿ. ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತಪ್ಪಿಸುವುದಿಲ್ಲ. ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದ ದಂಪತಿಗಳಲ್ಲಿ, ಸೋಂಕಿರುವವರು ದಿನಾ ವ್ಯಾಲಾಸೈಕ್ಲೊವಿರ್ ತೆಗೆದುಕೊಂಡರೆ ಹರಡುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಮಾಡಬಾರದ್ದು

28. ರಿಪೋರ್ಟನ್ನು ಶೀಲದ ಸಾಕ್ಷಿಯಾಗಿ ಎತ್ತಿ ಹಿಡಿಯಬೇಡಿ. ಸೋಂಕು ಯಾವಾಗ ತಗುಲಿತು, ಯಾರಿಂದ ತಗುಲಿತು ಎಂದು ಹೇಳಬಲ್ಲ ರಕ್ತ ಪರೀಕ್ಷೆ ಇಲ್ಲ. ಮದುವೆಗೆ ಎಷ್ಟೋ ವರ್ಷ ಮುಂಚೆ ಬಂದು, ಒಮ್ಮೆಯೂ ಕಾಣಿಸಿಕೊಳ್ಳದೆ ಒಳಗೇ ಇದ್ದು, ಈಗ ಗುಳ್ಳೆಯಾಗಿ ಎದ್ದಿರಬಹುದು. ಇದನ್ನು ಪಂಚಾಯಿತಿಗೂ ಕೋರ್ಟಿಗೂ ಒಯ್ಯುವ ಮುಂಚೆ ಒಮ್ಮೆ ತಜ್ಞರನ್ನು ಕೇಳಿ.

29. ತಟ್ಟೆ, ಲೋಟ, ಹಾಸಿಗೆ, ಕಕ್ಕಸು ಬೇರೆ ಮಾಡಬೇಡಿ. ಇದು ಚರ್ಮಕ್ಕೆ ಚರ್ಮ ತಾಗಿ ಹರಡುವ ಸೋಂಕು.

ವೈದ್ಯರಿಗೆ, ಲ್ಯಾಬಿನವರಿಗೆ

ಮಾಡಬೇಕಾದ್ದು

30. ರಿಪೋರ್ಟಿನಲ್ಲಿ ಸೂಚ್ಯಂಕ, ಕಿಟ್‌ನ ಹೆಸರು, ಅದು ಟೈಪ್ ಸ್ಪೆಸಿಫಿಕ್ ಹೌದೋ ಅಲ್ಲವೋ, ಮೂರನ್ನೂ ಮುದ್ರಿಸಿ. ಕಡಿಮೆ ಸೂಚ್ಯಂಕದ ಪಾಸಿಟಿವ್‌ನ ಕೆಳಗೆ ‘ಖಚಿತಪಡಿಸಬೇಕಿದೆ’ ಎಂಬ ಸಾಲು ಇರಲೇಬೇಕು.

31. ಪರೀಕ್ಷೆ ಬರೆಯುವ ಮುಂಚೆ ಪಾಸಿಟಿವ್ ಬಂದರೆ ಏನು ಮಾಡುತ್ತೀರಿ ಎಂದು ರೋಗಿಗೆ ತಿಳಿಸಿ. ಅದಕ್ಕೆ ನಿಮ್ಮ ಬಳಿ ಉತ್ತರವಿಲ್ಲದಿದ್ದರೆ ಪರೀಕ್ಷೆ ಬರೆಯಬೇಡಿ.

ಮಾಡಬಾರದ್ದು

32. ಹರ್ಪಿಸ್ ಐಜಿಎಂ ಅನ್ನು ಪ್ಯಾಕೇಜಿನಲ್ಲಿ ತೂರಿಸಬೇಡಿ. ರೋಗಿಯ ಒಪ್ಪಿಗೆ ಇಲ್ಲದೆ ರಿಪೋರ್ಟನ್ನು ಮನೆಯವರ ವಾಟ್ಸ್ಯಾಪ್‌ಗೆ ಕಳಿಸಬೇಡಿ. ಕೌಂಟರಿನಲ್ಲಿ ನಾಲ್ಕು ಜನರೆದುರು ಫಲಿತಾಂಶ ಕೂಗಬೇಡಿ.

ರಿಪೋರ್ಟಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ್ದು

ಜನನಾಂಗದ ಹುಣ್ಣಿನ ಜೊತೆ ಮೂತ್ರ ಕಟ್ಟಿದರೆ. ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಮಂಪರು ಬಂದರೆ. ಕಣ್ಣು ಕೆಂಪಾಗಿ ನೋವು ಶುರುವಾದರೆ. ತುಂಬು ಬಸುರಿಗೆ ಮೊದಲ ಸಲ ಗುಳ್ಳೆ ಎದ್ದರೆ. ಎಚ್‌ಐವಿ ಇರುವವರಿಗೆ ಹುಣ್ಣು ಒಂದು ತಿಂಗಳಾದರೂ ಮಾಯದಿದ್ದರೆ. ಹುಟ್ಟಿ ಆರು ವಾರದೊಳಗಿನ ಕೂಸಿಗೆ ಮೈಮೇಲೆ ಗುಳ್ಳೆ, ಜ್ವರ, ಹಾಲು ಕುಡಿಯದಿರುವುದು, ಫಿಟ್ಸ್ ಇವುಗಳಲ್ಲಿ ಒಂದು ಕಂಡರೂ ತಡ ಮಾಡಬೇಡಿ. ಕೂಸಿನ ವಿಷಯದಲ್ಲಂತೂ ರಾತ್ರಿಯಾದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಔಷಧ ಗಂಟೆಗಳ ಲೆಕ್ಕದಲ್ಲಿ ಶುರುವಾಗಬೇಕು. ರಕ್ತ, ಸ್ವ್ಯಾಬ್ ಎಲ್ಲವನ್ನೂ ಆಸ್ಪತ್ರೆಯವರು ತೆಗೆದುಕೊಳ್ಳುತ್ತಾರೆ.

ಎಚ್‌ಐವಿ ಮತ್ತು ಲೈಂಗಿಕ ಸೋಂಕುಗಳ ಬಗ್ಗೆ ಹೆಸರು ಹೇಳದೆ ಕೇಳಬೇಕೆಂದರೆ 1097ಕ್ಕೆ ಫೋನ್ ಮಾಡಿ. ಕರೆ ಉಚಿತ.